ಅಪ್ಪನ ಕಬ್ಬಿಣದ ಸ್ಕೇಟು, ಮಾರಿಜಾತ್ರೆ ತೊಟ್ಟಿಲು, ಬಾವಿಯೊಳಗಿನ ಬೈಕು

ಪ್ರಶ್ನೆ: ನಮ್ಮೂರು ಶಿವಮೊಗ್ಗ, ಕೆಲಸದ ಮೇಲೆ ಬೆಂಗಳೂರಲ್ಲಿದೀನಿ. ಅಪ್ಪಂಗೆ 70 ದಾಟಿದೆ. ಮೊನ್ನೆ ಮಗನ್ನ ಸ್ಕೇಟಿಂಗ್ ಕ್ಲಾಸಿಗೆ ಸೇರಿಸಿದ್ವಿ, ಅದನ್ನ ನೋಡಿ ಅಪ್ಪ ಹಳೇದೆಲ್ಲ ಹೇಳೋಕೆ ಶುರು ಮಾಡಿದ್ರು. ಅವರ ಕಾಲದಲ್ಲಿ ಊರಲ್ಲಿ ರಿಂಕು ಅಂತ ಇರ್ಲಿಲ್ವಂತೆ, ರೈಸ್‌ಮಿಲ್ಲಿನ ಭತ್ತ ಒಣಗಿಸೋ ಕಣದಲ್ಲಿ ಕಬ್ಬಿಣದ ಸ್ಕೇಟು ಕಟ್ಕೊಂಡು ಕಲ್ತಿದ್ದಂತೆ. ಮಾರಿಜಾತ್ರೇಲಿ ಬಾವಿಯೊಳಗೆ 80 ಸ್ಪೀಡಲ್ಲಿ ಬೈಕ್ ಓಡಿಸ್ತಿದ್ರು, ಹೆಂಗಸಿನ ತಲೆ ಇರೋ ಹಾವು ಮಾತಾಡ್ತಿತ್ತು ಅಂತಾರೆ. ಇದೆಲ್ಲ ಎಷ್ಟು ನಿಜ ಸಾರ್? ನಮ್ಮ ಕಡೆ ಇಂಥದ್ದಕ್ಕೆ ಒಂದು ಪರ್ಮನೆಂಟ್ ಜಾಗ ಯಾಕೆ ಆಗ್ಲಿಲ್ಲ, ಈಗ ಅದೆಲ್ಲ ಎಲ್ಲಿಗೆ ಹೋಯ್ತು? ಅಪ್ಪ ಗಟ್ಟಿ ಇರೋವಾಗ್ಲೇ ಸ್ವಲ್ಪ ದಾಖಲೆ ಮಾಡ್ಕೋಬೇಕು ಅಂತ ಆಸೆ.

ಉತ್ತರ: ನಿಮ್ಮ ತಂದೆಯವರು ಹೇಳಿರೋದ್ರಲ್ಲಿ ಸ್ಪೀಡಿನ ಲೆಕ್ಕ ಒಂದು ಬಿಟ್ರೆ ಉಳಿದದ್ದೆಲ್ಲ ಸರಿಯಾಗೇ ಇದೆ, ಹಾವಿನ ಹೆಂಗಸು ಕೂಡ. ಒಂದೊಂದಾಗಿ ಹೇಳ್ತೀನಿ.

ಮೊದಲು ಸ್ಕೇಟು. ಅವರು ಕಟ್ಕೊಂಡಿದ್ದು ಯಾವ ಥರದ್ದು ಅಂತ ನನಗೆ ಚೆನ್ನಾಗಿ ಗೊತ್ತು, ಯಾಕಂದ್ರೆ ಆ ಕಾಲದಲ್ಲಿ ಸಾಮಾನ್ಯ ಜನರ ಕೈಗೆ ಸಿಗ್ತಿದ್ದಿದ್ದು ಬಹುತೇಕ ಒಂದೇ ಮಾದರಿ. ಎರಡು ಕಬ್ಬಿಣದ ಪ್ಲೇಟು, ಒಂದರ ಮೇಲೆ ಒಂದು ಜಾರೋ ಹಾಗೆ, ಅಡಿಗೆ ಒಂದು ನಟ್ಟು, ಅದನ್ನ ಸಡಿಲ ಮಾಡಿದ್ರೆ ಸ್ಕೇಟು ಉದ್ದ ಆಗುತ್ತೆ, ಬಿಗಿ ಮಾಡಿದ್ರೆ ಅಲ್ಲೇ ನಿಲ್ಲುತ್ತೆ, ಹಾಗಾಗಿ ಅಣ್ಣ ಹಾಕ್ಕೊಂಡ ಸ್ಕೇಟನ್ನೇ ತಮ್ಮನೂ ತಂಗಿನೂ ಹಾಕ್ಕೋಬಹುದಿತ್ತು. ಮುಂದೆ ಬೂಟಿನ ಅಂಚು ಹಿಡಿಯೋ ಎರಡು ಕಿವಿ, ಹಿಂದೆ ಹಿಮ್ಮಡಿ ಹತ್ರ ಚರ್ಮದ ಬೆಲ್ಟು. ನಾಲ್ಕು ಚಕ್ರ, ಮುಂದೆ ಎರಡು ಹಿಂದೆ ಎರಡು. ಚಪ್ಪಲಿ ಹಾಕಿದ್ರೆ ನಿಲ್ತಾ ಇರ್ಲಿಲ್ಲ, ಅಟ್ಟೆ ಗಟ್ಟಿ ಇರೋ ಬೂಟೇ ಬೇಕು, ಆ ಕಾಲದ ಹುಡುಗರಿಗೆ ಬೂಟು ಅಂದ್ರೆ ಸ್ಕೂಲಿನ ಬೂಟು ಒಂದೇ, ಅದರ ಅಟ್ಟೆ ಕಿತ್ತು ಬಂದು ಮನೇಲಿ ಬೈಸ್ಕೊಂಡಿರೋರು ತುಂಬಾ ಜನ ಇದಾರೆ, ನಿಮ್ಮ ತಂದೆಯವರನ್ನೂ ಒಂದ್ಸಲ ಕೇಳಿ ನೋಡಿ.

ಈ ನಾಲ್ಕು ಚಕ್ರದ ಲೆಕ್ಕಾಚಾರ ಎಲ್ಲಿಂದ ಬಂತು ಅಂದ್ರೆ ಅಮೆರಿಕದಿಂದ. 1863ರಲ್ಲಿ ನ್ಯೂಯಾರ್ಕಿನ ಜೇಮ್ಸ್ ಪ್ಲಿಂಪ್ಟನ್ ಅನ್ನೋರು ಇದಕ್ಕೆ ಪೇಟೆಂಟ್ ತಗೊಂಡ್ರು. ಅದಕ್ಕೂ ನೂರು ವರ್ಷ ಮುಂಚೆನೇ ಯುರೋಪಲ್ಲಿ ಚಕ್ರದ ಬೂಟು ಇತ್ತು, ಜೋಸೆಫ್ ಮರ್ಲಿನ್ ಅನ್ನೋರು ಲಂಡನ್ನಿನ ಒಂದು ದೊಡ್ಡ ಪಾರ್ಟಿಗೆ ಚಕ್ರದ ಬೂಟು ಹಾಕ್ಕೊಂಡು ಪಿಟೀಲು ಬಾರಿಸ್ತಾ ಬಂದು, ನಿಲ್ಸೋಕೂ ಆಗ್ದೆ ತಿರುಗ್ಸೋಕೂ ಆಗ್ದೆ ದೊಡ್ಡ ನಿಲುಗನ್ನಡಿಗೆ ಹೋಗಿ ಗುದ್ದಿದ್ರು ಅಂತ ಒಂದು ಕಥೆ ಇದೆ. ಆಗಿನ ಸ್ಕೇಟಿಗೆ ಇದ್ದ ತೊಂದರೆನೇ ಅದು, ನೆಟ್ಟಗೆ ಹೋಗ್ತಿತ್ತು, ತಿರುಗ್ತಿರ್ಲಿಲ್ಲ. ಪ್ಲಿಂಪ್ಟನ್ ಏನು ಮಾಡಿದ್ರು ಅಂದ್ರೆ ಚಕ್ರದ ಅಚ್ಚಿಗೂ ಮೇಲಿನ ಪ್ಲೇಟಿಗೂ ಮಧ್ಯೆ ರಬ್ಬರ್ ಬುಷ್ ಕೂರಿಸಿದ್ರು. ಮೈ ಎಡಕ್ಕೆ ವಾಲಿಸಿದ್ರೆ ಬುಷ್ ಆ ಕಡೆ ಒತ್ತಿಕೊಂಡು ಅಚ್ಚು ಓರೆ ಆಗುತ್ತೆ, ಸ್ಕೇಟು ತಾನೇ ಎಡಕ್ಕೆ ತಿರುಗುತ್ತೆ. ಇಷ್ಟೇ. ಮುಂದೆ ಊರೂರಲ್ಲಿ ರಿಂಕು ಎದ್ದಿದ್ದು ಈ ಒಂದು ರಬ್ಬರ್ ತುಂಡಿನಿಂದ ಅಂದ್ರೂ ತಪ್ಪಿಲ್ಲ.

ನಿಮ್ಮ ತಂದೆಯವರ ಸ್ಕೇಟಿನ ಚಕ್ರ ಕಬ್ಬಿಣದ್ದು. ಈಗಿನ ಮೆತ್ತನೆ ಪಾಲಿಯುರಿಥೇನ್ ಚಕ್ರ ಬಂದಿದ್ದು 1970ರ ದಶಕದಲ್ಲಿ, ಅದು ನಮ್ಮ ಕಡೆ ತಲುಪೋಕೆ ಇನ್ನೂ ತುಂಬಾ ಟೈಮ್ ಹಿಡೀತು. ಕಬ್ಬಿಣದ ಚಕ್ರಕ್ಕೆ ನೆಲ ನುಣ್ಣಗಿರ್ಲೇಬೇಕು. ಡಾಂಬರು ರಸ್ತೆ ಮೇಲೆ ಹೋದ್ರೆ ಹಲ್ಲು ಕಟಕಟ ಅನ್ನುತ್ತೆ, ಚಿಕ್ಕ ಜಲ್ಲಿ ಕಲ್ಲು ಸಿಕ್ಕಿದ್ರೆ ಚಕ್ರ ಅಲ್ಲೇ ನಿಂತು ನಾವು ಮಾತ್ರ ಮುಂದಕ್ಕೆ ಹೋಗಿ ಬೀಳ್ತೀವಿ. ಮನೆಯೊಳಗಿನ ರೆಡ್ ಆಕ್ಸೈಡ್ ನೆಲ ಸೂಪರ್, ಆದ್ರೆ ಗೀರು ಬೀಳುತ್ತೆ ಅಂತ ಅಮ್ಮಂದಿರು ಬಿಡಲ್ಲ. ಅದಕ್ಕೇ ಸಿಮೆಂಟ್ ಕಣ. ಭತ್ತ ಒಣಗಿಸೋಕೆ ಅಂತ ವಿಶಾಲವಾಗಿ, ನೀರು ಹರಿದು ಹೋಗ್ಲಿ ಅಂತ ಒಂಚೂರು ಇಳಿಜಾರಾಗಿ, ಕಾಳು ಬಿರುಕಲ್ಲಿ ಸಿಗ್ಬಾರ್ದು ಅಂತ ನೈಸಾಗಿ ಮಾಡಿರ್ತಾರೆ. ಅದಕ್ಕಿಂತ ಒಳ್ಳೆ ಜಾಗ ಶಿವಮೊಗ್ಗದ ಹುಡುಗರಿಗೆ ಇನ್ನೆಲ್ಲಿ ಸಿಗ್ಬೇಕು. ತೀರ್ಥಹಳ್ಳಿ, ಸಾಗರ, ಹೊಸನಗರ ಕಡೆ ತೋಟದ ಮನೆಗಳಲ್ಲಿ ಅಡಿಕೆ ಅಂಗಳಕ್ಕೂ ಇದೇ ಯೋಗ, ಕೊಯ್ಲು ಮುಗಿದು ಅಡಿಕೆ ಎಲ್ಲ ಮಂಡಿಗೆ ಹೋದ್ಮೇಲೆ ಆ ಸಿಮೆಂಟ್ ಅಂಗಳ ಮಳೆ ಬರೋವರೆಗೂ ಮಕ್ಕಳದ್ದೇ.

ಈಗ ನಿಮ್ಮ ಮುಖ್ಯ ಪ್ರಶ್ನೆ, ಪರ್ಮನೆಂಟ್ ಜಾಗ ಯಾಕೆ ಆಗ್ಲಿಲ್ಲ ಅನ್ನೋದು. ಎಲ್ಲರೂ ತಕ್ಷಣ ಮಳೆ ಅಂತಾರೆ. ಮಳೆ ಕಾರಣ ಹೌದು, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಆಗುಂಬೆ ಕಡೆ ಸುರಿಯೋದು ಕೇಳೋದೇ ಬೇಡ, ಶಿವಮೊಗ್ಗ ಪೇಟೆಯಲ್ಲಿ ಅದರ ಕಾಲು ಭಾಗನೂ ಬೀಳಲ್ಲ ಅಂದ್ರೂ ಹವೆಯಲ್ಲಿ ತೇವ ಇದ್ದೇ ಇರುತ್ತೆ. ಆಷಾಢದಲ್ಲಿ ಮನೆ ನೆಲ ಬೆವರುತ್ತಲ್ಲ, ಒರೆಸಿದಷ್ಟೂ ಒದ್ದೆ, ಅಂಥ ನೆಲದ ಮೇಲೆ ಕಬ್ಬಿಣದ ಚಕ್ರ ನಿಲ್ಲೋದೇ ಇಲ್ಲ. ಬೇರಿಂಗಿಗೆ ತುಕ್ಕು, ಬೆಲ್ಟಿಗೆ ಬೂಸ್ಟು, ಮರದ ನೆಲ ಹಾಕಿದ್ರೆ ಉಬ್ಬಿಕೊಳ್ಳುತ್ತೆ, ಇಲ್ಲಾಂದ್ರೆ ಗೆದ್ದಲು.

ಆದ್ರೆ ಮಳೆ ಅರ್ಧ ಕಾರಣ ಅಷ್ಟೇ ಅಂತ ನನ್ನ ಅಭಿಪ್ರಾಯ. ಮಸ್ಸೂರಿ ಕೂಡ ಮಳೆ ಬೀಳೋ ಬೆಟ್ಟದ ಊರೇ, ಅಲ್ಲಿ ಬ್ರಿಟಿಷರ ಕಾಲದಲ್ಲೇ ಸೂರಿನ ಕೆಳಗೆ ದೊಡ್ಡ ಸ್ಕೇಟಿಂಗ್ ರಿಂಕ್ ಆಗಿತ್ತು. ಅಲ್ಲಿ ಬೇಸಿಗೆ ಕಳೆಯೋಕೆ ಅಂತ ಬಂದು ತಿಂಗಳುಗಟ್ಲೆ ಕೂರೋ ದುಡ್ಡಿನ ಜನ ಇದ್ರು, ದಿನಾ ಸಂಜೆ ಸ್ಕೇಟು ಬಾಡಿಗೆಗೆ ತಗೊಳ್ಳೋರು ಇದ್ರು. ನಮ್ಮಲ್ಲಿ ದಿನಾ ಸಂಜೆ ಮೋಜಿಗೆ ಅಂತ ದುಡ್ಡು ಬಿಚ್ಚೋ ಜನ ಎಲ್ಲಿದ್ರು? ಮಲೆನಾಡಲ್ಲಿ ದುಡ್ಡು ಓಡಾಡ್ತಿದ್ದಿದ್ದೇ ವರ್ಷದಲ್ಲಿ ಒಂದು ಸಲ, ಅಡಿಕೆ ಕೊಯ್ಲು ಮುಗಿದು, ಭತ್ತ ಕಣಜ ಸೇರಿ, ಮಂಡಿಯವರು ಲೆಕ್ಕ ಚುಕ್ತಾ ಮಾಡಿದ್ಮೇಲೆ. ಮಾರಿಜಾತ್ರೆಗಳು ಬೀಳೋದು ಯಾವಾಗ ನೋಡಿ, ಫೆಬ್ರವರಿ, ಮಾರ್ಚ್. ಶಿವಮೊಗ್ಗದ ಕೋಟೆ ಮಾರಿಕಾಂಬೆದು ಎರಡು ವರ್ಷಕ್ಕೊಮ್ಮೆ, ಸಾಗರದ್ದು ಮೂರು ವರ್ಷಕ್ಕೊಮ್ಮೆ, ಪಕ್ಕದ ಶಿರಸಿದು ಎರಡು ವರ್ಷಕ್ಕೊಮ್ಮೆ. ಅದಕ್ಕೂ ಮುಂಚೆ ತೀರ್ಥಹಳ್ಳಿ ಎಳ್ಳಮಾವಾಸ್ಯೆ ಜಾತ್ರೆ, ಅದು ಪ್ರತಿ ವರ್ಷ. ಕೈಯಲ್ಲಿ ಕಾಸು, ಆಕಾಶದಲ್ಲಿ ಮೋಡ ಇಲ್ಲ, ಗದ್ದೆ ಖಾಲಿ, ನೆಂಟರು ಮನೇಲಿ. ನಮ್ಮ ಮೋಜಿಗೆ ಕಟ್ಟಡ ಇರ್ಲಿಲ್ಲ, ಸೀಸನ್ ಇತ್ತು, ಆ ಸೀಸನ್ನಿಗೆ ಸರಿಯಾಗಿ ಎಲ್ಲವೂ ಲಾರಿ ಹತ್ಕೊಂಡು ಬರ್ತಿತ್ತು, ವಾಪಸ್ ಹೋಗ್ತಿತ್ತು. ಹಾಗಾಗಿ ನೀವು ಹಳೇ ಕಟ್ಟಡ ಹುಡುಕಿದ್ರೆ ಏನೂ ಸಿಗಲ್ಲ, ಮೈದಾನ ಹುಡುಕ್ಬೇಕು.

ಯಕ್ಷಗಾನ ಮೇಳದವರದ್ದೂ ಇದೇ ಕ್ಯಾಲೆಂಡರ್. ದೀಪಾವಳಿ ಆದ್ಮೇಲೆ ಹೊರಟು ಮೇ ಕೊನೆಯ ಪತ್ತನಾಜೆ, ಅಂದ್ರೆ ಕರಾವಳಿ ಕಡೆ ಮೇಳಗಳ ತಿರುಗಾಟ ಮುಗಿಯೋ ದಿನದ ಹೊತ್ತಿಗೆ ಗೆಜ್ಜೆ ಬಿಚ್ಚೋದು. ಸಾಲಿಗ್ರಾಮ, ಪೆರ್ಡೂರು ಇಂಥ ಡೇರೆ ಮೇಳಗಳು ಘಟ್ಟ ಹತ್ತಿ ಬಂದ್ರೆ ನೆಲದ ಟಿಕೆಟು ಬೇರೆ, ಕುರ್ಚಿದು ಬೇರೆ, ಹಗಲೆಲ್ಲ ಜೀಪಲ್ಲಿ ಮೈಕ್ ಕಟ್ಕೊಂಡು ಪ್ರಚಾರ. ನಾಟಕ ಕಂಪನಿಗಳು, ಟೂರಿಂಗ್ ಟಾಕೀಸು ಎಲ್ಲ ಹಾಗೇ ತಗಡು, ಬಿದಿರು, ಟೆಂಟಿನ ಬಟ್ಟೆ.

ಜಾತ್ರೆ ತೊಟ್ಟಿಲಿಗೆ ಬರೋಣ. ಈಗ ಎಲ್ಲರೂ ಜಾಯಿಂಟ್ ವೀಲ್ ಅಂತಾರೆ, ನಮ್ಮ ಕಡೆ ಹಿಂದಿನೋರಿಗೆ ಅದು ತೊಟ್ಟಿಲೇ. ಮೊದಲು ಬರ್ತಿದ್ದಿದ್ದು ಮರದ್ದು, ನಾಲ್ಕೇ ಪೆಟ್ಟಿಗೆ, ಇಬ್ರು ನಿಂತ್ಕೊಂಡು ಕೈಯಲ್ಲಿ ತಳ್ಳಿ ತಿರುಗಿಸೋರು. ಆಮೇಲೆ ಕಬ್ಬಿಣದ್ದು ಬಂತು, ಡೀಸೆಲ್ ಇಂಜಿನ್ನು, ರಾತ್ರಿ ಬಣ್ಣಬಣ್ಣದ ಟ್ಯೂಬ್‌ಲೈಟು. ಇದರ ಮೂಲ 1893ರ ಚಿಕಾಗೋ ವಸ್ತುಪ್ರದರ್ಶನದಲ್ಲಿ ಜಾರ್ಜ್ ಫೆರಿಸ್ ಅನ್ನೋ ಇಂಜಿನಿಯರ್ ನಿಲ್ಸಿದ ಚಕ್ರ, 264 ಅಡಿ ಎತ್ತರ, 36 ಡಬ್ಬಿ, ಒಂದೊಂದರಲ್ಲಿ 60 ಜನ. ಅದಕ್ಕೂ ಎಷ್ಟೋ ಮುಂಚಿನಿಂದ ಕೈಯಲ್ಲಿ ತಳ್ಳೋ ಮರದ ತೊಟ್ಟಿಲು ನಮ್ಮ ದೇಶದಲ್ಲಿ ಇದ್ದೇ ಇತ್ತು ಅನ್ನೋದನ್ನ ಮರೀಬಾರ್ದು. ತೊಟ್ಟಿಲಲ್ಲಿ ಕೂತಾಗ ತುದೀಲಿ ಅಷ್ಟು ಹೊತ್ತು ಯಾಕೆ ನಿಲ್ಲಿಸ್ತಾರೆ ಅಂತ ಮಕ್ಕಳು ಕೇಳ್ತಾರೆ, ಅದು ಹೆದರ್ಸೋಕಲ್ಲ. ಜನ ಹತ್ತಿಸೋವಾಗ ಒಂದೇ ಕಡೆ ತುಂಬಿದ್ರೆ ಭಾರ ಒಂದು ಪಕ್ಕಕ್ಕೆ ಎಳೆದು ಇಂಜಿನ್ ಮೇಲೆ ಬೀಳುತ್ತೆ, ಅದಕ್ಕೆ ಇಲ್ಲಿ ಒಂದು ಪೆಟ್ಟಿಗೆ ತುಂಬ್ಸಿದ್ರೆ ಅದರ ಎದುರು ಪೆಟ್ಟಿಗೆ ಕೆಳಗೆ ತಂದು ತುಂಬ್ಸೋದು. ಇಂಜಿನ್ ಹತ್ರ ಲಿವರ್ ಹಿಡ್ಕೊಂಡಿರ್ತಾನಲ್ಲ ಆ ಹುಡುಗ, ಹತ್ತೋಕೆ ಬಂದವರ ಮೈಕಟ್ಟು ಕಣ್ಣಳತೇಲೇ ನೋಡಿ ದಪ್ಪ ಇರೋರನ್ನ ಆ ಕಡೆ ಈ ಕಡೆ ಹಂಚ್ತಾನೆ. ಯಾವ ಐಟಿಐನಲ್ಲೂ ಕಲಿಸದ ವಿದ್ಯೆ ಅದು, ನನಗೆ ಅವರ ಮೇಲೆ ಬಹಳ ಗೌರವ.

ಬಾವಿ. ಮರಣಬಾವಿ ಅಂತ ಬೋರ್ಡು ಹಾಕೋರು. ಮರದ ಹಲಗೆ ಜೋಡಿಸಿ ಮಾಡಿದ ಗುಂಡನೆ ಗೋಡೆ, ಅಡೀಲಿ ಸ್ವಲ್ಪ ಓರೆ, ಮೇಲೆ ಪೂರ್ತಿ ನೆಟ್ಟಗೆ, ಜನ ಏಣಿ ಹತ್ತಿ ಮೇಲಿನ ಅಂಚಲ್ಲಿ ನಿಂತು ಒಳಗೆ ಬಗ್ಗಿ ನೋಡೋದು. ಬೈಕು ಹೆಚ್ಚಾಗಿ ನಮ್ಮ ಮೈಸೂರಲ್ಲೇ ತಯಾರಾಗ್ತಿದ್ದ ಜಾವಾ, ಯೆಜ್ಡಿ, ಇಲ್ಲಾ ರಾಜ್‌ದೂತ್, ಸೈಲೆನ್ಸರ್ ಬಿಚ್ಚಿಟ್ಟಿರ್ತಾರೆ. 80 ಸ್ಪೀಡು ಅನ್ನೋದು ಆ ಸದ್ದು ಹುಟ್ಟಿಸಿದ ಲೆಕ್ಕ. 30 ಅಡಿ ಅಗಲದ ಬಾವೀಲಿ ಗೋಡೆ ಮೇಲೆ ಬೀಳದೆ ನಿಲ್ಲೋಕೆ ಟೈರು ಒಳ್ಳೆ ಹಿಡಿತ ಇದ್ರೆ ಗಂಟೆಗೆ ಸುಮಾರು 28 ಕಿ.ಮೀ. ಸಾಕು. ಸುತ್ತು ತಿರುಗೋವಾಗ ಗೋಡೆ ಬೈಕನ್ನ ಒಳಕ್ಕೆ ಒತ್ತುತ್ತೆ, ಆ ಒತ್ತಡದಿಂದ ಟೈರಿಗೆ ಸಿಗೋ ಹಿಡಿತ ಬೈಕಿನ ಭಾರ ತಡೆಯೋಷ್ಟಿದ್ರೆ ಬೀಳಲ್ಲ. ಸವಾರರು ಧೈರ್ಯಕ್ಕೆ ಸ್ವಲ್ಪ ಜಾಸ್ತಿ ಇಟ್ಕೊಂಡು 40ರ ಹತ್ರ ಓಡಿಸಿದ್ರೆ ಅಷ್ಟು ಚಿಕ್ಕ ಸುತ್ತಲ್ಲಿ ಅವರ ಮೈಗೆ ತನ್ನ ತೂಕದ ಎರಡೂವರೆ ಪಟ್ಟು ಭಾರ ಬಿದ್ದ ಹಾಗೆ, ಒಂದು ಸುತ್ತಿಗೆ ಮೂರು ಸೆಕೆಂಡೂ ಬೇಡ. ತಲೆಗೆ ರಕ್ತ ಏರೋದು ಕಷ್ಟ ಆಗಿ ಕಣ್ಣು ಕತ್ತಲೆ ಬರುತ್ತೆ, ಹಾಗಾಗಿ ಹೊಸಬರನ್ನ ಮೊದಲು ಅಡಿಯ ಓರೆ ಗೋಡೇಲೇ ತಿರುಗಿಸಿ ಅಭ್ಯಾಸ ಮಾಡಿಸ್ತಾರೆ. ಕಿ.ಮೀ. ಲೆಕ್ಕ ಕಮ್ಮಿ ಆಯ್ತು ಅಂತ ನಿಮ್ಮ ತಂದೆಯವರಿಗೆ ಬೇಜಾರಾಗೋದು ಬೇಡ, ಹೆಲ್ಮೆಟ್ ಇಲ್ದೆ, ಕೈ ಬಿಟ್ಟು, ಜನ ಚಾಚಿದ ನೋಟು ಕಿತ್ಕೊಳ್ತಾ ಓಡಿಸ್ತಿದ್ದ ಆ ಜನರ ಧೈರ್ಯ 28 ಆದ್ರೂ ಒಂದೇ 80 ಆದ್ರೂ ಒಂದೇ. ಅವರಿಗೆ ಪೆಟ್ಟಾದ್ರೆ ನೋಡ್ಕೊಳ್ಳೋಕೆ ಹಿಂದೆ ಯಾರೂ ಇರ್ತಿರ್ಲಿಲ್ಲ ಅನ್ನೋದನ್ನೂ ಹೇಳ್ಲೇಬೇಕು.

ಹಾವಿನ ಹೆಂಗಸು, ಅಂದ್ರೆ ನಾಗಕನ್ಯೆ, ಅದು ಕನ್ನಡಿ ಕೆಲಸ. ಕತ್ತಲೆ ಡೇರೆ, ಒಳಗೆ ಒಂದು ಮೇಜು, ಮೇಲೆ ಬಟ್ಟೆಯಲ್ಲಿ ಮಾಡಿದ ಹಾವಿನ ಮೈ, ಅದರ ತುದೀಲಿ ನಿಜವಾದ ಹುಡುಗಿಯ ತಲೆ, ಮೇಜಿನ ಕೆಳಗೆ ನೋಡಿದ್ರೆ ಖಾಲಿ. ಖಾಲಿ ಅಲ್ಲ. ಮೇಜಿನ ಕಾಲುಗಳ ಮಧ್ಯೆ ಎರಡು ಕನ್ನಡಿ ಮೂಲೆ ಮಾಡಿ ನಿಲ್ಸಿರ್ತಾರೆ, ಅದರಲ್ಲಿ ಪಕ್ಕದ ಪರದೆ ಕಾಣುತ್ತೆ, ಹಿಂದಿನ ಪರದೆನೂ ಅದೇ ಬಣ್ಣ, ನೋಡೋರಿಗೆ ಮೇಜಿನ ಕೆಳಗೆ ಆರ್‌ಪಾರ್ ಕಾಣಿಸ್ತಿದೆ ಅನ್ಸುತ್ತೆ. ಕನ್ನಡಿ ಹಿಂದೆ ಹುಡುಗಿ ಮಂಡಿಯೂರಿ ಕೂತಿರ್ತಾಳೆ, ಮೇಜಿನ ತೂತಲ್ಲಿ ತಲೆ ಹೊರಗೆ. ಈ ಉಪಾಯವನ್ನ ಲಂಡನ್ನಲ್ಲಿ 1865ರಲ್ಲಿ ಸ್ಟೊಡೇರ್ ಅನ್ನೋ ಜಾದೂಗಾರ ಸ್ಟೇಜ್ ಮೇಲೆ ತೋರ್ಸಿ ಜನರನ್ನ ಬೆರಗು ಮಾಡಿದ್ದ, ಅಲ್ಲಿಂದ ಹರಡ್ತಾ ಹರಡ್ತಾ ಜಗತ್ತಿನ ಜಾತ್ರೆ ಡೇರೆಗಳಿಗೆಲ್ಲ ಬಂತು. ಮುಂದೆ ಹಗ್ಗ ಕಟ್ಟಿ ಜನರನ್ನ ದೂರ ನಿಲ್ಸೋದು ಯಾಕಂದ್ರೆ ಹತ್ರ ಬಂದ್ರೆ ಅವರ ಕಾಲೇ ಕನ್ನಡೀಲಿ ಕಾಣುತ್ತೆ. ನಿಮ್ಮ ತಂದೆಯವರಿಗೆ ಇದನ್ನ ಹೇಳೋದಾ ಬೇಡ್ವಾ ಅಂತ ನೀವೇ ಯೋಚ್ನೆ ಮಾಡಿ, ನಾನಾಗಿದ್ರೆ ಹೇಳ್ತೀನಿ, ಯಾಕಂದ್ರೆ ಉಪಾಯ ಗೊತ್ತಾದ್ಮೇಲೂ ಆ ಹುಡುಗಿ ಶೋ ಮೇಲೆ ಶೋ ಮಂಡಿಯೂರಿ ಕೂತು ಕೇಳಿದ ಪ್ರಶ್ನೆಗೆಲ್ಲ ಉತ್ತರ ಕೊಡ್ತಿದ್ಲಲ್ಲ, ಅದು ದೊಡ್ಡ ವಿಷ್ಯವೇ.

ಎಲ್ಲಿಗೆ ಹೋಯ್ತು ಇದೆಲ್ಲ? ಎಲ್ಲ ಒಂದೇ ಥರ ಹೋಗ್ಲಿಲ್ಲ. ಸರ್ಕಸ್ಸಿಗೆ ಕಾನೂನು ಬಂತು. ನಮ್ಮ ದೇಶದಲ್ಲಿ ಅದು 1880ರಲ್ಲಿ ವಿಷ್ಣುಪಂತ್ ಛತ್ರೆ ಅನ್ನೋರು ಶುರು ಮಾಡಿದ್ದು, ಆಮೇಲೆ ಕೇರಳದ ತಲಶ್ಶೇರಿಯಲ್ಲಿ ಕಲಿತವರ ಕೈಯಲ್ಲಿ ಬೆಳೆದಿದ್ದು, 1998ರಲ್ಲಿ ಕೇಂದ್ರ ಸರ್ಕಾರ ಹುಲಿ, ಸಿಂಹ, ಚಿರತೆ, ಕರಡಿ, ಕೋತಿ ಆಡಿಸೋ ಹಾಗಿಲ್ಲ ಅಂತ ಆದೇಶ ಮಾಡ್ತು, 2001ರಲ್ಲಿ ಸುಪ್ರೀಂ ಕೋರ್ಟೂ ಅದನ್ನೇ ಎತ್ತಿ ಹಿಡೀತು, 2011ರಲ್ಲಿ ಮಕ್ಕಳನ್ನ ದುಡಿಸೋದಕ್ಕೂ ತಡೆ ಬಂತು. ಎರಡೂ ಆಗ್ಲೇಬೇಕಿದ್ದ ಕೆಲಸ, ಬೋನಲ್ಲಿ ಬಡಕಲಾಗಿ ಮಲಗಿರ್ತಿದ್ದ ಸಿಂಹ ನೋಡಿದೋರು ಯಾರೂ ಬೇಡ ಅನ್ನಲ್ಲ. ಸಿನಿಮಾ ಡೇರೆಗಳನ್ನ ಖಾಯಂ ಥಿಯೇಟರುಗಳು ನುಂಗಿದ್ವು, ಥಿಯೇಟರುಗಳಿಗೆ ಟೀವಿ, ಕೇಬಲ್ಲು ಹೊಡೆತ ಕೊಟ್ವು. ತೊಟ್ಟಿಲು, ಕೊಲಂಬಸ್ಸು, ಡ್ರ್ಯಾಗನ್ ರೈಲು ಮಾತ್ರ ಹೋಗಿಲ್ಲ, ಮಾರಿಜಾತ್ರೆಗೆ ಈಗ್ಲೂ ಬರುತ್ತೆ, ಮೊದಲಿಗಿಂತ ದೊಡ್ಡದಾಗೇ ಬರುತ್ತೆ. ಬರೋಕೆ ಜಾಗ ಕಮ್ಮಿ ಆಗ್ತಿರೋದೇ ನನ್ನ ಚಿಂತೆ. ಊರ ನಡುವೆ ಖಾಲಿ ಬಿದ್ದಿರೋ ಮೈದಾನ ಅಂದ್ರೆ ಎಲ್ಲರ ಕಣ್ಣೂ ಅದರ ಮೇಲೆ, ಒಂದು ಮೂಲೇಲಿ ಕಾಂಪ್ಲೆಕ್ಸು, ಇನ್ನೊಂದು ಮೂಲೇಲಿ ಪಾರ್ಕಿಂಗು, ಸುತ್ತ ಕಾಂಪೌಂಡು, ಆಮೇಲೆ 40 ಅಡಿ ಲಾರಿ ಒಳಗೆ ತಿರುಗೋಕೇ ಆಗಲ್ಲ. ಶಿವಮೊಗ್ಗದಲ್ಲಿ ಹಳೇ ಜೈಲಿನ ಆವರಣ ಫ್ರೀಡಂ ಪಾರ್ಕ್ ಆಗಿ ಈಗ ಅಲ್ಲಮಪ್ರಭು ಮೈದಾನ ಅಂತ ಉಳ್ಕೊಂಡಿದೆಯಲ್ಲ, ಅದು ಊರಿನ ಪುಣ್ಯ ಅಂತ್ಲೇ ನಾನು ಅನ್ಕೊಳ್ಳೋದು. ಒಂದು ಊರಿಗೆ ಮೋಜಿನ ಪಾರ್ಕ್ ಇಲ್ದಿದ್ರೂ ನಡೆಯುತ್ತೆ, ಖಾಲಿ ಮೈದಾನ ಇಲ್ದಿದ್ರೆ ನಡೆಯಲ್ಲ. ಸ್ಕೇಟಿಂಗ್ ಕಥೆ ಬೇರೆ, ಅದು ಮೋಜಿನಿಂದ ಕ್ಲಾಸ್ ಆಗ್ಬಿಟ್ಟಿದೆ, ಒಂದೇ ಸಾಲಲ್ಲಿ ಚಕ್ರ ಇರೋ ಇನ್‌ಲೈನ್ ಸ್ಕೇಟು, ಹೆಲ್ಮೆಟ್ಟು, ಮೊಣಕೈ ಪ್ಯಾಡು, ಕೋಚು, ಮೆಡಲ್ಲು. ಒಳ್ಳೇದೇ, ಪೆಟ್ಟು ಕಮ್ಮಿ ಆಗುತ್ತೆ.

ದಾಖಲೆ ವಿಷ್ಯ. ತಂದೆಯವರನ್ನ ಕೂರಿಸಿ ಸುಮ್ನೆ "ಹಳೇದು ಹೇಳಿ" ಅಂದ್ರೆ ಹತ್ತು ನಿಮಿಷದಲ್ಲಿ ಮುಗಿದು ಹೋಗುತ್ತೆ. ಚಿಕ್ಕ ಚಿಕ್ಕದು ಕೇಳಿ. ತೊಟ್ಟಿಲಿಗೆ ಎಷ್ಟು ಪೈಸೆ, ಟಿಕೆಟ್ ಕಾಗದದ್ದಾ ಬಿಲ್ಲೆನಾ, ಬಾವಿ ಯಾವ ದಿಕ್ಕಲ್ಲಿತ್ತು, ದೇವಸ್ಥಾನದಿಂದ ಎಷ್ಟು ದೂರ, ವಾಪಸ್ ಬರೋವಾಗ ಏನು ತಿಂದ್ರು, ಯಾರ ಜತೆ ಹೋಗಿದ್ರು. ಸಾಧ್ಯವಾದ್ರೆ ಆ ಮೈದಾನಕ್ಕೇ ಕರ್ಕೊಂಡು ಹೋಗಿ ನಿಲ್ಸಿ, ಫೋನಲ್ಲಿ ರೆಕಾರ್ಡ್ ಮಾಡ್ಕೊಳ್ಳಿ. ಅವರ ವಾರಗೆಯವರು ಇನ್ನೊಬ್ರು ಪಕ್ಕದಲ್ಲಿದ್ರೆ ಇನ್ನೂ ಒಳ್ಳೇದು, ಒಬ್ರು ಹೇಳಿದ್ದನ್ನ ಇನ್ನೊಬ್ರು ಅಲ್ಲ ಅಂತಾರೆ, ಆ ಜಗಳದಲ್ಲೇ ನಿಜ ಹೊರಗೆ ಬರುತ್ತೆ. ಜಾತ್ರೆ ಸಮಿತಿಯವರು ಅಚ್ಚು ಹಾಕ್ಸಿದ ಕರಪತ್ರ, ಸ್ಮರಣ ಸಂಚಿಕೆ ಇದ್ರೆ ಕೇಳಿ ನೋಡಿ. ಜಾಗ ಹರಾಜು ಹಾಕಿದ ಕಾಗದಪತ್ರ ಪುರಸಭೆ, ನಗರಸಭೆ, ಮಹಾನಗರ ಪಾಲಿಕೆಗಳಲ್ಲಿ ಇರಬಹುದು, ಯಾವ ವರ್ಷ ಯಾವ ಕಂಪನಿ ಎಷ್ಟಕ್ಕೆ ಜಾಗ ಹಿಡೀತು ಅಂತ ಅದರಲ್ಲಿ ಸಿಗಬಹುದು, ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕ್ಬಹುದು.

ಎಲ್ಲಕ್ಕಿಂತ ಮುಂಚೆ ಹಳೇ ಫೋಟೋ ಸ್ಟುಡಿಯೋಗಳಿಗೆ ಹೋಗಿ. ಜಾತ್ರೇಲಿ ಪರದೆ ಕಟ್ಟಿ, ರಟ್ಟಿನ ವಿಮಾನದ ಕಿಟಕೀಲಿ ಮುಖ ತೂರಿಸಿ, ಸ್ಟ್ಯಾಂಡ್ ಹಾಕಿದ ಬೈಕ್ ಮೇಲೆ ಕೂರಿಸಿ ಫೋಟೋ ತೆಗೀತಿದ್ದವರ ನೆಗೆಟಿವ್ ಡಬ್ಬಿಗಳು ಎಷ್ಟೋ ಕಡೆ ಇನ್ನೂ ಅಟ್ಟದ ಮೇಲಿವೆ, ಮಕ್ಕಳು ಅಂಗಡಿ ಬದಲಾಯಿಸೋವಾಗ ಗುಜರಿಗೆ ಹಾಕ್ತಿದಾರೆ. ನಮ್ಮ ಹವೆಗೆ ನೆಗೆಟಿವ್ ಮೇಲೆ ಬೂಸ್ಟು ಬೇಗ ಹಿಡಿಯುತ್ತೆ, ಒಂದಕ್ಕೊಂದು ಅಂಟ್ಕೊಂಡ್ರೆ ಬಿಡಿಸೋಕೆ ಹೋಗಿ ಚಿತ್ರನೇ ಕಿತ್ತು ಬರುತ್ತೆ. ಸಿಕ್ಕಿದ್ರೆ ಕೈಯಲ್ಲಿ ಉಜ್ಜಬೇಡಿ, ನೀರು ಮುಟ್ಟಿಸಬೇಡಿ, ಅಂಚು ಹಿಡ್ಕೊಂಡು ಬ್ಲೋಯರ್‌ನಲ್ಲಿ ಧೂಳು ಊದಿಸಿ, ಒಣ ಕಾಗದದ ಕವರಲ್ಲಿ ಒಂದೊಂದೇ ಬೇರೆ ಬೇರೆ ಇಟ್ಟು ಈ ಮಳೆಗಾಲ ಶುರುವಾಗೋದ್ರೊಳಗೆ ಸ್ಕ್ಯಾನ್ ಮಾಡಿಸಿ. ಸ್ಟುಡಿಯೋದವರು ಕೊಡಲ್ಲ ಅಂದ್ರೆ ಅಲ್ಲೇ ಕೂತು ಮೊಬೈಲ್ ಸ್ಕ್ರೀನ್ ಬಿಳಿ ಮಾಡಿ ಅದರ ಮೇಲೆ ನೆಗೆಟಿವ್ ಇಟ್ಟು ಇನ್ನೊಂದು ಮೊಬೈಲಲ್ಲಿ ಫೋಟೋ ತೆಗೆದ್ರೂ ಗುರುತು ಹಿಡಿಯೋಷ್ಟು ಬರುತ್ತೆ.